ಮೈಸೂರು ರೈಲು ಮ್ಯೂಸಿಯಂಗೆ ಒಂದು ಇಡೀ ದಿನ ಇಡಬಹುದಾ?

ಬಸವನಗುಡಿ ಬಿಂದು:
ಎಲ್ಲರಿಗೂ ನಮಸ್ಕಾರ. ಮಕ್ಕಳಿಗೆ ರಜೆ ಬರುತ್ತಿದೆ. ಬೆಂಗಳೂರಿನಿಂದ ಬೆಳಗ್ಗೆ ಹೊರಟು ಮೈಸೂರಿನ ರೈಲು ಮ್ಯೂಸಿಯಂ ನೋಡಿಕೊಂಡು ರಾತ್ರಿ ವಾಪಸ್ ಬರೋಣ ಅಂತ ಯೋಚನೆ. ಮಗನಿಗೆ ಏಳು ವರ್ಷ, ರೈಲು ಅಂದರೆ ಪ್ರಾಣ. ಮಗಳಿಗೆ ಹನ್ನೆರಡು. ಅವಳಿಗೆ ಇಂಜಿನ್ನು, ಚಕ್ರ ಎಲ್ಲ ಬೋರು, ಈಗಲೇ ಮುಖ ಊದಿಸಿಕೊಂಡಿದ್ದಾಳೆ. ಜೊತೆಗೆ ನಮ್ಮ ಮಾವನವರು ಬರುತ್ತಾರೆ. ಮಂಡಿ ನೋವು, ಜಾಸ್ತಿ ನಡೆಯಲು ಆಗುವುದಿಲ್ಲ. ಅರಮನೆ, ಜೂ, ಬೆಟ್ಟ ಎಲ್ಲ ಹಿಂದೆಯೇ ನೋಡಿ ಆಗಿದೆ, ಈ ಸಲ ಬೇಡ.

ಹೋದವರು ಹೇಳಿ. ಇದೊಂದಕ್ಕೇ ಅಂತ ಒಂದು ದಿನ ಇಡಬಹುದಾ? ಕಾರಲ್ಲಿ ಹೋಗುವುದಾ, ರೈಲಲ್ಲಾ? ಮಗಳಿಗೆ ಬೇಜಾರಾಗದ ಹಾಗೆ ಅಲ್ಲಿ ಏನಾದರೂ ಇದೆಯಾ?

ಟ್ರಾಫಿಕ್ ಜಾಮು:
ನೇರವಾಗಿ ಹೇಳುತ್ತೇನೆ ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ಒಂದು ಗಂಟೆಯಲ್ಲಿ ಮುಗಿಯುತ್ತದೆ. ಒಂದಷ್ಟು ಹಳೇ ಇಂಜಿನ್ನು, ಒಂದೆರಡು ಬೋಗಿ, ಮಕ್ಕಳ ಪುಟಾಣಿ ರೈಲು. ಅದು ಒಂದು ಸುತ್ತು ಹಾಕುವುದರೊಳಗೆ ಐಸ್‌ಕ್ರೀಮ್ ಕೂಡ ಕರಗುವುದಿಲ್ಲ. ಹೆದ್ದಾರಿಯಲ್ಲಿ ಕಾರು ಬಿಟ್ಟರೆ ಊಟದ ಹೊತ್ತಿಗೆ ಮ್ಯೂಸಿಯಂ ಮುಗಿಸಿ, ಮಧ್ಯಾಹ್ನ ಕೆಆರ್‌ಎಸ್ ನೋಡಿಕೊಂಡು ರಾತ್ರಿ ಮನೆಗೆ ಬರಬಹುದು. ಇಡೀ ದಿನ ಅಲ್ಲೇ ಕೂರುವುದು ಸುಮ್ನೆ ವೇಸ್ಟ್.

ಒಂಟಿಕೊಪ್ಪಲ್ ಹುಡುಗಿ:
ಒಂದು ಗಂಟೆಯಲ್ಲಿ ಮುಗಿಯುವುದು ಸೆಲ್ಫಿ ತೆಗೆದುಕೊಂಡು ಓಡುವವರಿಗೆ. ನಮ್ಮೂರಿನ ಮ್ಯೂಸಿಯಂ ಬಗ್ಗೆ ಹೀಗೆಲ್ಲ ಅಂದರೆ ಸುಮ್ನಿರಲ್ಲ ನಾನು. ಇದು 1979ರಲ್ಲಿ ಶುರುವಾಗಿದ್ದು. ದಿಲ್ಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂ ಬಿಟ್ಟರೆ ದೇಶದಲ್ಲಿ ಈ ಥರದ್ದು ಇದು ಎರಡನೆಯದು. 2020ರ ಸುಮಾರಿಗೆ ಎಲ್ಲ ಹೊಸದಾಗಿ ಮಾಡಿದ್ದಾರೆ.

ಬಿಂದು ಅಕ್ಕ, ನಿಮ್ಮ ಮಾವನವರ ಮಂಡಿ ವಿಷಯಕ್ಕೆ ಒಂದು ಒಳ್ಳೆಯ ಸುದ್ದಿ. ಮ್ಯೂಸಿಯಂ ಇರುವುದು ಕೃಷ್ಣರಾಜಸಾಗರ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಅನ್ನುವ ಆಹಾರ ಸಂಶೋಧನಾ ಸಂಸ್ಥೆಯ ಎದುರಿಗೆ. ರೈಲಲ್ಲಿ ಬಂದರೆ ಸ್ಟೇಷನ್ನಿನ ಮುಂಬಾಗಿಲಿಗೆ ಹೋಗಬೇಡಿ. ಸಿಎಫ್‌ಟಿಆರ್‌ಐ ಕಡೆಯ ಬಾಗಿಲಿನಿಂದ ಹೊರಗೆ ಬನ್ನಿ. ಮುಂಬಾಗಿಲಲ್ಲಿ ಇಳಿದರೆ ಸುಮ್ನೆ ಸುತ್ತು, ಆಟೋದವರ ಜೊತೆ ಚೌಕಾಸಿ ಬೇರೆ. ಈ ಕಡೆಯಿಂದಾದರೆ ಮೆಲ್ಲಗೆ ನಡೆದರೂ ತಲುಪಿಬಿಡುತ್ತೀರಿ.

ಎದುರಿಗೆ ಇರುವ ಸಿಎಫ್‌ಟಿಆರ್‌ಐ ಕಟ್ಟಡವನ್ನೂ ಹೊರಗಿನಿಂದ ಒಮ್ಮೆ ನೋಡಿ. ಅದು ಚೆಲುವಾಂಬ ವಿಲಾಸ, ರಾಜಕುಮಾರಿಗೆ ಅಂತ ಕಟ್ಟಿಸಿದ ಅರಮನೆ. 1950ರಿಂದ ಅಲ್ಲಿ ಊಟ ತಿಂಡಿಯ ವಿಜ್ಞಾನ ನಡೆಯುತ್ತಿದೆ.

ಮಂಡ್ಯ ಪಾಸ್:
ಕಾರು ಬೇಡವೇ ಬೇಡ. ರೈಲು ಮ್ಯೂಸಿಯಂ ನೋಡಲು ಕಾರಲ್ಲಿ ಹೋಗುವುದು ಅಂದರೆ ಏನು ಗುರು? ಆ ಮ್ಯೂಸಿಯಂನಲ್ಲಿ ಇರುವ ಸಾಮಾನೆಲ್ಲ ಇಂಥ ದಾರಿಗೆ ಸೇರಿದ್ದು. ದಾರಿಯನ್ನೇ ನೋಡದೆ ಸಾಮಾನು ಮಾತ್ರ ನೋಡಿದರೆ ಅರ್ಧ ಕಥೆ.

ನಾನು ಈ ಲೈನಿನಲ್ಲಿ ಪಾಸ್ ಇಟ್ಟುಕೊಂಡು ಓಡಾಡುವವನು. ಒಂದು ಮಾತು ಹೇಳುತ್ತೇನೆ, ಚಾಮುಂಡಿ ಎಕ್ಸ್‌ಪ್ರೆಸ್ ಹೆಸರು ಕೇಳಿ ಮೋಸ ಹೋಗಬೇಡಿ. ಅದು ಬೆಳಗ್ಗೆ ಮೈಸೂರಿನಿಂದ ಬೆಂಗಳೂರಿಗೆ ಬಂದು ಸಂಜೆ ವಾಪಸ್ ಹೋಗುವ ಆಫೀಸ್ ಗಾಡಿ. ನಿಮಗೆ ಬೇಕಾಗಿರುವುದು ಉಲ್ಟಾ. ಬೆಳಗಿನ ಹೊತ್ತು ಈ ಕಡೆಯಿಂದ ಹೊರಡುವ ಗಾಡಿ ನೋಡಿಕೊಳ್ಳಿ. ವಂದೇ ಭಾರತ್ ಅಂತ ಹುಡುಗ ಹಟ ಮಾಡಬಹುದು. ಎಸಿ ಇರುತ್ತದೆ, ಎರಡು ಗಂಟೆಯಲ್ಲಿ ಮುಟ್ಟಿಸುತ್ತದೆ. ಆದರೆ ಕಿಟಕಿ ತೆಗೆಯುವ ಹಾಗಿಲ್ಲ. ನನ್ನ ಕೇಳಿದರೆ ಮೆಮು ಅನ್ನುವ ಲೋಕಲ್ ಗಾಡಿಯೋ, ಸಾದಾ ಎಕ್ಸ್‌ಪ್ರೆಸ್ಸೋ ಹಿಡಿದು ಕಿಟಕಿ ಪಕ್ಕ ಕೂತುಬಿಡಿ.

ಮದ್ದೂರು ಬಂತು ಅಂದರೆ ವಡೆಯವರು ಹತ್ತುತ್ತಾರೆ. ಮದ್ದೂರು ವಡೆ ಹುಟ್ಟಿದ್ದೇ ಸ್ಟೇಷನ್ನಿನಲ್ಲಿ. 1917ರಲ್ಲಿ ರಾಮಚಂದ್ರ ಬುಧ್ಯ ಅನ್ನುವವರು ಗಾಡಿ ಬರುವಷ್ಟರಲ್ಲಿ ಬೇಗ ಬೇಯಲಿ ಅಂತ ಹಿಟ್ಟನ್ನು ತಟ್ಟಿ ಹಾಕಿದರು ಅನ್ನುವ ಕಥೆ ಇದೆ. ಅದೂ ರೈಲ್ವೆ ಇತಿಹಾಸವೇ ಅಲ್ವಾ? ತಿನ್ನಬಹುದಾದ ಇತಿಹಾಸ.

ಟ್ರಾಫಿಕ್ ಜಾಮು:
ವಡೆ ಹೆದ್ದಾರಿಯಲ್ಲೂ ಸಿಗುತ್ತದೆ ಸ್ವಾಮಿ.

ಮಂಡ್ಯ ಪಾಸ್:
ಹೊಸ ಹೆದ್ದಾರಿ ಮದ್ದೂರಿನೊಳಗೆ ಇಳಿಯದೆ ಹಾಗೇ ಮುಂದೆ ಹೋಗುತ್ತದೆ. ವಡೆ ಬೇಕು ಅಂದರೆ ನೀವೇ ಸರ್ವಿಸ್ ರಸ್ತೆಗೆ ಇಳಿಯಬೇಕು. ಗಾಡಿಯಲ್ಲಾದರೆ ವಡೆ ನೀವಿರುವಲ್ಲಿಗೇ ಬರುತ್ತದೆ.

ಹಳೇ ಗಾರ್ಡ್:
ಮಾತು ವಡೆ ಕಡೆಗೆ ಹೋಯಿತು. ನಾನು ಸ್ವಲ್ಪ ಇಂಜಿನ್ ಕಡೆಗೆ ತರುತ್ತೇನೆ. ಮೀಟರ್ ಗೇಜ್, ಅಂದರೆ ಕಂಬಿಗಳ ನಡುವೆ ಒಂದೇ ಮೀಟರ್ ಅಂತರ ಇದ್ದ ಕಾಲದಲ್ಲಿ ಮೈಸೂರು-ಹಾಸನ-ಅರಸೀಕೆರೆ ಪ್ಯಾಸೆಂಜರಿನಲ್ಲಿ ಗಾರ್ಡ್ ಆಗಿದ್ದವನು ನಾನು. ಈಗ ಗಾರ್ಡ್ ಅನ್ನುವ ಹಾಗಿಲ್ಲ, 2022ರಿಂದ ಟ್ರೈನ್ ಮ್ಯಾನೇಜರ್ ಅನ್ನಬೇಕಂತೆ. ನಾನು ಗಾರ್ಡ್ ಆಗಿಯೇ ರಿಟೈರ್ ಆದೆ, ಹಾಗೇ ಇರಲಿ.

ತಾಯಿ, ಮಕ್ಕಳನ್ನು ಕರೆದುಕೊಂಡು ಹೋದವರು ಮಾಡುವುದು ಏನು? ಇಂಜಿನ್ನಿನ ಮುಂದೆ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಉಗಿ ಇಂಜಿನ್ನನ್ನು ಮುಂದಿನಿಂದ ನೋಡಿದರೆ ಒಂದು ಡ್ರಮ್ಮು ಕಾಣುತ್ತದೆ, ಅಷ್ಟೇ. ಪಕ್ಕದಲ್ಲಿ ನಿಲ್ಲಿಸಿ. ಹುಡುಗನಿಗೆ ಚಕ್ರ ಎಣಿಸಲು ಹೇಳಿ. ಮುಂದೆ ಎರಡು ಸಣ್ಣ ಚಕ್ರ, ನಡುವೆ ಮೂರು ದೊಡ್ಡ ಚಕ್ರ, ಹಿಂದೆ ಒಂದು ಸಣ್ಣದು ಕಂಡರೆ ಆ ಕಡೆಯೂ ಅಷ್ಟೇ ಇರುತ್ತದೆ. ಅದಕ್ಕೆ 4-6-2 ಅನ್ನುತ್ತಾರೆ. ಅಲ್ಲಿರುವ ಇಎಸ್ 506 ಅಂಥದ್ದು. ವೈಪಿ ಕೂಡ ಅಂಥದ್ದೇ. ಎಲ್ಲ ಇಂಜಿನ್ನಿಗೂ ಅವನೇ ಎಣಿಸಿ ನಂಬರ್ ಬರೆಯಲಿ. ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಕೊಟ್ಟರೆ ಎರಡು ಗಂಟೆ ಅವನು ನಿಮ್ಮ ತಂಟೆಗೆ ಬರುವುದಿಲ್ಲ.

ದೊಡ್ಡ ಚಕ್ರಕ್ಕೆ ಉದ್ದದ ಕಬ್ಬಿಣದ ರಾಡು ಸೇರಿಸಿರುತ್ತಾರೆ. ಅದರ ಮುಂದಿನ ತುದಿಯಲ್ಲಿ ಸಿಲಿಂಡರ್ ಇರುತ್ತದೆ. ಬಾಯ್ಲರಿನ ಉಗಿ ಅಲ್ಲಿಗೆ ಬಂದು ಪಿಸ್ಟನ್ನನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತಳ್ಳುತ್ತದೆ. ಪ್ರತಿ ಸಲ ತಳ್ಳಿದ ಮೇಲೆ ಕೆಲಸ ಮುಗಿದ ಉಗಿ ಚಿಮಣಿಯಿಂದ ಹೊರಗೆ ನುಗ್ಗುತ್ತದೆ. ಮಕ್ಕಳು ಛುಕ್ ಛುಕ್ ಅನ್ನುವುದು ಅದೇ ಸದ್ದು. ಒಂದು ಪಕ್ಕದ ಸಿಲಿಂಡರಿನಿಂದ ಎರಡು, ಇನ್ನೊಂದು ಪಕ್ಕದ್ದರಿಂದ ಎರಡು. ಚಕ್ರ ಒಂದು ಸುತ್ತು ಸುತ್ತಿದರೆ ನಾಲ್ಕು ಛುಕ್. ನಾವು ಗಾಡಿಯ ಕೊನೆಯ ಬ್ರೇಕ್ ವ್ಯಾನಿನಲ್ಲಿ ಕೂತು ಆ ಸದ್ದು ಕೇಳಿಯೇ ಏರು ಬಂತು, ಡ್ರೈವರಿಗೆ ಕಷ್ಟ ಆಗುತ್ತಿದೆ ಅಂತ ಹೇಳುತ್ತಿದ್ದೆವು. ಆ ಉಗಿ ಸುಮ್ನೆ ಹೊರಗೆ ಹೋಗುವುದಿಲ್ಲ. ಹೋಗುವಾಗ ಒಲೆಯ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ, ಅದರಿಂದ ಬೆಂಕಿಗೆ ಗಾಳಿ ಸಿಗುತ್ತದೆ. ಗಾಡಿ ಜೋರಾಗಿ ಎಳೆದಷ್ಟೂ ಬೆಂಕಿ ಜೋರಾಗುತ್ತದೆ. ಈ ಒಂದು ಉಪಾಯ ಇಲ್ಲದಿದ್ದರೆ ಉಗಿ ಇಂಜಿನ್ನು ಅಷ್ಟು ವರ್ಷ ಓಡುತ್ತಲೇ ಇರಲಿಲ್ಲ.

ಇನ್ನೊಂದು. ಒಲೆಯ ಮೇಲ್ಛಾವಣಿಯಲ್ಲಿ ಸೀಸದ ಬಿರಡೆ ಇಟ್ಟಿರುತ್ತಾರೆ. ಬಾಯ್ಲರಿನಲ್ಲಿ ನೀರು ತೀರಾ ಕಮ್ಮಿಯಾದರೆ ಸೀಸ ಕರಗಿ ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಬಾಯ್ಲರ್ ಒಡೆಯುವ ಮುಂಚೆ ಎಚ್ಚರಿಕೆ. ಬಿರಡೆ ಕರಗಿಸಿದ ಡ್ರೈವರ್, ಫೈರ್‌ಮನ್ ಇಬ್ಬರಿಗೂ ಆಮೇಲೆ ವಿಚಾರಣೆ ತಪ್ಪುತ್ತಿರಲಿಲ್ಲ. ಇದು ಹೊರಗಿನಿಂದ ಕಾಣುವುದಿಲ್ಲ, ಆದರೆ ಒಲೆಯ, ಅಂದರೆ ಫೈರ್‌ಬಾಕ್ಸಿನ ಬಾಗಿಲು ನೋಡುವಾಗ ಹೇಳಿ. ಮಗಳೂ ಕಿವಿ ಕೊಡುತ್ತಾಳೆ.

ಬಸವನಗುಡಿ ಬಿಂದು:
ಗಾರ್ಡ್ ಸರ್, ತುಂಬಾ ಥ್ಯಾಂಕ್ಸ್. ನೋಟ್‌ಬುಕ್ ಐಡಿಯಾ ಸೂಪರ್. ನಾಲ್ಕು ಛುಕ್ ವಿಷಯ ಮಗನಿಗೆ ಈಗಲೇ ಹೇಳಿದೆ. ಮನೆಯಲ್ಲಿ ಕುಕ್ಕರ್ ವಿಷಲ್ ಎಣಿಸಲು ಶುರು ಮಾಡಿದ್ದಾನೆ.

ವೈಪಿ ಅಂದರೆ ಏನು ಸರ್? ಅವನು ಕೇಳುತ್ತಿದ್ದಾನೆ.

ಹಳೇ ಗಾರ್ಡ್:
ವೈ ಅಂದರೆ ಮೀಟರ್ ಗೇಜ್, ಪಿ ಅಂದರೆ ಪ್ಯಾಸೆಂಜರ್. ಗೂಡ್ಸ್ ಎಳೆಯುತ್ತಿದ್ದುದು ವೈಜಿ. ಈಗ ನೀವು ಹೋಗುವ ಗಾಡಿಗೂ ಇದೇ ಲೆಕ್ಕ. ಇಂಜಿನ್ನಿನ ಮೇಲೆ ಡಬ್ಲ್ಯೂಎಪಿ-7 ಅಂತ ಇದ್ದರೆ ಡಬ್ಲ್ಯೂ ಬ್ರಾಡ್ ಗೇಜು, ಅಂದರೆ ಈಗಿನ ಅಗಲದ ಕಂಬಿ, ಎ ಕರೆಂಟು, ಪಿ ಪ್ಯಾಸೆಂಜರ್. ಬೆಂಗಳೂರು ಸ್ಟೇಷನ್ನಿನಲ್ಲೇ ಅವನಿಗೆ ಇಂಜಿನ್ ತೋರಿಸಿ ಓದಿಸಿ. ವೈಪಿಗಳನ್ನು 1949ರಿಂದ 1970ರವರೆಗೆ ಮಾಡಿದರು. ಮೊದಲು ಹೊರದೇಶದಿಂದ ಬಂತು, ಆಮೇಲೆ ಜಮ್‌ಶೆಡ್‌ಪುರದಲ್ಲಿ ಟಾಟಾದವರ ಟೆಲ್ಕೋ ಕಾರ್ಖಾನೆಯಲ್ಲೇ ತಯಾರಾಯಿತು. ಮ್ಯೂಸಿಯಂನಲ್ಲಿರುವುದು ಅಲ್ಲಿಯದು.

ಇತಿಹಾಸದ ಹುಚ್ಚ:
ಮಗಳಿಗೆ ಏನಿದೆ ಅಂತ ಕೇಳಿದ್ದೀರಿ. ಮಹಾರಾಣಿಯವರ ಸಲೂನ್, ಅಂದರೆ ಅವರ ಪ್ರಯಾಣಕ್ಕೆ ಅಂತಲೇ ಮಾಡಿದ ಬೋಗಿ ಇದೆ. ಅದರ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಿ.

ಬೋಗಿ 1899ರದ್ದು. ಅಡುಗೆ ಮನೆ, ಊಟದ ಜಾಗ, ಶೌಚಾಲಯ ಎಲ್ಲ ಒಳಗೇ ಇದೆ. ಎಲ್ಲರೂ ಅಯ್ಯೋ ಎಷ್ಟು ಚೆನ್ನಾಗಿದೆ ಅಂತ ಹೇಳಿ ಮುಂದೆ ಹೋಗುತ್ತಾರೆ. ಆ ಇಸವಿಯನ್ನು ಸ್ವಲ್ಪ ಯೋಚಿಸಿ ನೋಡಿ. ಹತ್ತನೇ ಚಾಮರಾಜ ಒಡೆಯರು 1894ರಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡರು. ಮಗ ಕೃಷ್ಣರಾಜರಿಗೆ ಆಗ ಹತ್ತು ವರ್ಷ. 1895ರಿಂದ 1902ರವರೆಗೆ ರಾಜ್ಯ ನಡೆಸಿದವರು ತಾಯಿ, ವಾಣಿವಿಲಾಸ ಸನ್ನಿಧಾನ. ಅಂದರೆ ಈ ಬೋಗಿ ತಯಾರಾದಾಗ ಮೈಸೂರಿನ ಆಡಳಿತ ಇದ್ದದ್ದೇ ಮಹಾರಾಣಿಯವರ ಕೈಯಲ್ಲಿ. ಶಿವನಸಮುದ್ರದ ವಿದ್ಯುತ್ ಕೆಲಸ ಶುರುವಾಗಿದ್ದು, ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರುವಾಗಿದ್ದು ಅವರ ಕಾಲದಲ್ಲೇ. ಆ ಜಲಾಶಯಕ್ಕೆ ವಾಣಿವಿಲಾಸ ಸಾಗರ ಅನ್ನುವ ಹೆಸರು ಬಂದಿರುವುದೂ ಅದಕ್ಕೇ. ಮಹಾರಾಣಿ ಸಲೂನ್ ಅಂದ ತಕ್ಷಣ ರಾಜನ ಹಿಂದೆ ಇನ್ನೊಂದು ಬೋಗಿಯಲ್ಲಿ ಪರದೆಯೊಳಗೆ ಹೋಗುವ ರಾಣಿಯೇ ನಮ್ಮ ತಲೆಗೆ ಬರುವುದು. ಮಗಳಿಗೆ ಇಸವಿ ಕೊಟ್ಟು, ಆಗ ರಾಜ್ಯ ಆಳುತ್ತಿದ್ದವರು ಯಾರು ಅಂತ ಅವಳ ಫೋನಿನಲ್ಲೇ ಹುಡುಕಲು ಹೇಳಿ. ಫೋನೂ ಉಪಯೋಗಕ್ಕೆ ಬಂದ ಹಾಗಾಯಿತು.

ಗಾಡಿಯಲ್ಲಿ ಕೂತಾಗ ಇನ್ನೊಂದು ಕಥೆ ಇದೆ, ಆದರೆ ಅದು ಖುಷಿಯದ್ದಲ್ಲ. 1876ರಿಂದ 78ರವರೆಗೆ ಮೈಸೂರು ಸೀಮೆಯಲ್ಲಿ ಭಾರಿ ಬರ ಬಿತ್ತು. ರಾಜ್ಯದ ಜನರಲ್ಲಿ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು ಹೋಯಿತು ಅನ್ನುತ್ತಾರೆ. ಮದ್ರಾಸಿನ ಕಡೆಯಿಂದ ಬೆಂಗಳೂರಿಗೆ 1864ರಲ್ಲೇ ರೈಲು ಬಂದಿತ್ತು. ಧಾನ್ಯ ಬೆಂಗಳೂರಿನವರೆಗೆ ಬರುತ್ತಿತ್ತು. ಅಲ್ಲಿಂದ ಒಳನಾಡಿಗೆ ಎತ್ತಿನ ಗಾಡಿಯೇ ಗತಿ. ಮೇವಿಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಆಮೇಲೆ ಬೆಂಗಳೂರು-ಮೈಸೂರು ಮೀಟರ್ ಗೇಜ್ ಲೈನು ಬಂತು. 1881ರಲ್ಲಿ ತುಂಡು ತುಂಡಾಗಿ ತೆರೆದು 1882ರಲ್ಲಿ ಮೈಸೂರು ಮುಟ್ಟಿತು. ದಿವಾನ್ ರಂಗಾಚಾರ್ಲು ಅವರಿಗೆ ರೈಲಿನ ಮೇಲೆ ಅಷ್ಟು ಆಸೆ ಇದ್ದದ್ದಕ್ಕೆ ಆ ಬರ ಒಂದು ದೊಡ್ಡ ಕಾರಣ. ಈಗ ನಾವು ವಡೆ ತಿನ್ನುತ್ತಾ ಹೋಗುವ ದಾರಿ ಹಾಗೆ ಬಂದದ್ದು.

ದಿಲ್ಲಿ ಕನ್ನಡಿಗ:
ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಮಹಾರಾಣಿ ಸಲೂನ್ ಮೈಸೂರಿನಲ್ಲಿದೆ. 1899ರದ್ದೇ ಆದ ಮೈಸೂರು ಮಹಾರಾಜರ ಸಲೂನ್ ಮಾತ್ರ ನಮ್ಮ ದಿಲ್ಲಿಯ ಚಾಣಕ್ಯಪುರಿ ಮ್ಯೂಸಿಯಂನಲ್ಲಿದೆ. ತೇಗದ ಮರ, ಒಳಗೆ ದಂತದ ಕೆಲಸ. ಊರಿನಿಂದ ನೆಂಟರು ಬಂದಾಗ ನಾನು ಕರೆದುಕೊಂಡು ಹೋಗಿ ಇದು ನಮ್ಮದು ಅಂತ ತೋರಿಸುತ್ತೇನೆ. ಪಕ್ಕದಲ್ಲಿ ನಿಂತ ಹಿಂದಿಯವರು ತಿರುಗಿ ನೋಡುತ್ತಾರೆ.

ಈ ಜೋಡಿ ಯಾಕೆ ಹೀಗೆ ದೂರ ದೂರ? ಎರಡನ್ನೂ ಮೈಸೂರಿನಲ್ಲಿ ಒಟ್ಟಿಗೆ ಇಟ್ಟರೆ ಎಷ್ಟು ಚೆನ್ನಾಗಿರುತ್ತದೆ.

ಒಂಟಿಕೊಪ್ಪಲ್ ಹುಡುಗಿ:
ವಾಪಸ್ ಕೊಡಿ ನಮ್ಮದು!

ಟ್ರಾಫಿಕ್ ಜಾಮು:
ದಿಲ್ಲಿಯದು ದೊಡ್ಡದು ಅಂತಾರೆ, ಹೌದಾ? ನೋಡುವುದಾದರೆ ಅದನ್ನೇ ನೋಡಬೇಕಪ್ಪ.

ದಿಲ್ಲಿ ಕನ್ನಡಿಗ:
ದೊಡ್ಡದೇ. 1977ರಲ್ಲಿ ಶುರುವಾಗಿದ್ದು. ಪಟಿಯಾಲ ಸಂಸ್ಥಾನದ ಮೋನೋರೈಲು ಅಂತ ಒಂದಿದೆ, 1907ರ ಕಾಲದ್ದು. ಒಂದೇ ಕಂಬಿಯ ಮೇಲೆ ಸಣ್ಣ ಚಕ್ರ, ಸಮತೋಲಕ್ಕೆ ಪಕ್ಕದಲ್ಲಿ ಒಂದು ದೊಡ್ಡ ಚಕ್ರ ರಸ್ತೆಯ ಮೇಲೆ. ಅದನ್ನು ನೋಡಿದರೆ ನಗು ಬರುತ್ತದೆ, ಆದರೆ ಓಡಿದೆ. ಆದರೂ ನಿಜ ಹೇಳುತ್ತೇನೆ, ದಿಲ್ಲಿಯದು ನೋಡಿ ಮುಗಿಸುವಷ್ಟರಲ್ಲಿ ಮಕ್ಕಳು ಸುಸ್ತಾಗುತ್ತಾರೆ. ಬೇಸಿಗೆಯಾದರೆ ಕೇಳಲೇಬೇಡಿ. ಮೈಸೂರಿನದು ಚಿಕ್ಕದು, ಮರಗಳಿವೆ, ಎಲ್ಲ ಹತ್ತಿರ ಹತ್ತಿರ. ಏಳು ವರ್ಷದವನಿಗೂ ಮಂಡಿ ನೋವಿನವರಿಗೂ ಮೈಸೂರೇ ಸರಿ.

ಎರಡು ಪುಂಡರ ಅಮ್ಮ:
ಇಂಜಿನ್ನು, ಇತಿಹಾಸ ಎಲ್ಲ ಆಯಿತು. ನಾನು ಮಕ್ಕಳ ವಿಷಯ ಹೇಳುತ್ತೇನೆ. ಬೆಳಗ್ಗೆಯೇ ಹೋಗಿ. ಇಂಜಿನ್ನು ಅಂದರೆ ಕಬ್ಬಿಣ, ಬಿಸಿಲಲ್ಲಿ ನಿಂತಿರುತ್ತದೆ. ಮಧ್ಯಾಹ್ನ ಮುಟ್ಟಿದರೆ ಚುರ್ ಅನ್ನುತ್ತದೆ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯಲೇಬೇಕಲ್ಲ. ಟೋಪಿ, ನೀರಿನ ಬಾಟಲಿ, ಹಳೇ ಬಟ್ಟೆ. ಬಿಳಿ ಪ್ಯಾಂಟು ಹಾಕಿದರೆ ನಿಮ್ಮ ಕರ್ಮ.

ಪುಟಾಣಿ ರೈಲನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲೇ ಹತ್ತಿಸಿದರೆ ಆಮೇಲೆ ಇನ್ನೊಂದು ಸಲ ಇನ್ನೊಂದು ಸಲ ಅಂತ ಅದೇ ರಾಗ, ಬೇರೆ ಏನನ್ನೂ ನೋಡುವುದಿಲ್ಲ. ವಾರದ ರಜೆ ಯಾವತ್ತು ಅಂತ ಹೊರಡುವ ಮುಂಚೆ ನೋಡಿಕೊಳ್ಳಿ. ಬಾಗಿಲ ಮುಂದೆ ನಿಂತು ಅಳುವ ಮಗುವನ್ನು ಸಮಾಧಾನ ಮಾಡುವುದು ಯಾರಿಗೂ ಬೇಡ.

ಆಸ್ಟಿನ್ ಕಾರು ಒಂದಿದೆ, ರಸ್ತೆ ಚಕ್ರ ತೆಗೆದು ಕಂಬಿಯ ಮೇಲೆ ಓಡುವ ಹಾಗೆ ಮಾಡಿರುವುದು. ನನ್ನ ಚಿಕ್ಕವನು ಇಂಜಿನ್ನೆಲ್ಲ ಬಿಟ್ಟು ಅದರ ಮುಂದೆಯೇ ಕೂತಿದ್ದ. ಸ್ಟೀರಿಂಗ್ ತಿರುಗಿಸದೆ ಕಾರು ಹೇಗೆ ಹೋಗುತ್ತದೆ ಅಂತ ದಾರಿಯುದ್ದಕ್ಕೂ ಪ್ರಶ್ನೆ.

ಇನ್ನೊಂದು ವಿನಂತಿ, ಎಲ್ಲರಿಗೂ. ದೊಡ್ಡವರೇ ಇಂಜಿನ್ನಿನ ಮೇಲೆಲ್ಲ ಹತ್ತಿ ರೀಲ್ಸ್ ಮಾಡುತ್ತಾರೆ, ಬಣ್ಣದ ಮೇಲೆ ಹೆಸರು ಕೆರೆಯುತ್ತಾರೆ. ಹತ್ತಬಹುದು ಅಂತ ಬಿಟ್ಟಿರುವ ಜಾಗದಲ್ಲಿ ಮಾತ್ರ ಹತ್ತಿಸಿ. ಮಕ್ಕಳಿಗೆ ಹೇಳಿದರೆ ಕೇಳುತ್ತಾರೆ. ಪ್ರೇಮಿಗಳಿಗೆ ಹೇಳುವವರು ಯಾರು?

ಮಂಡ್ಯ ಪಾಸ್:
ನೂರಕ್ಕೆ ನೂರು ನಿಜ. ಶ್ರೀರಂಗಪಟ್ಟಣದ ಕೋಟೆ ಗೋಡೆಯ ಮೇಲೂ ಅದೇ ಹೆಸರುಗಳು.

ಶ್ರೀರಂಗಪಟ್ಟಣ ಅಂದಾಗ ನೆನಪಾಯಿತು. ಪಾಂಡವಪುರ ದಾಟಿದ ಮೇಲೆ ಮಕ್ಕಳನ್ನು ಎಬ್ಬಿಸಿ. ಕಾವೇರಿ ಒಂದು ಕವಲು, ಆಮೇಲೆ ದ್ವೀಪ, ಕೋಟೆ, ಪಶ್ಚಿಮವಾಹಿನಿ ಹತ್ತಿರ ಇನ್ನೊಂದು ಕವಲು. ಅಲ್ಲೇ ಸ್ಟೇಷನ್ ಹತ್ತಿರ ಟಿಪ್ಪುವಿನ ಕಾಲದ ಸಿಡಿಮದ್ದಿನ ಮನೆ ಒಂದಿತ್ತು. ಜೋಡಿ ಲೈನಿಗೆ ಅದು ಅಡ್ಡ ಬಂತು. ಒಡೆಯುವ ಹಾಗಿಲ್ಲ. ಕೊನೆಗೆ 2017ರಲ್ಲಿ ಸುಮಾರು 1000 ಟನ್ ತೂಕದ ಕಟ್ಟಡವನ್ನು ಹಾಗೇ ಜಾಕ್ ಕೊಟ್ಟು ಎತ್ತಿ, ನೂರು ಮೀಟರಿಗೂ ಜಾಸ್ತಿ ದೂರ ಸರಿಸಿ ಇಟ್ಟರು. ಅಲ್ಲಿಯವರೆಗೆ ಅಷ್ಟು ದೂರ ಮಾತ್ರ ಒಂಟಿ ಲೈನು, ನಮ್ಮ ಗಾಡಿ ಕ್ರಾಸಿಂಗಿಗೆ ನಿಲ್ಲುತ್ತಿತ್ತು. ಕಟ್ಟಡ ಸರಿದ ಮೇಲೆ ನಾವು ಬೇಗ ಮನೆ ಸೇರುವ ಹಾಗಾಯಿತು.

ಹಳೇ ಗಾರ್ಡ್:
ಒಂಟಿ ಲೈನು ಅಂದಿರಿ, ಅದಕ್ಕೇ ಇನ್ನೊಂದು ವಿಷಯ ಹೇಳಲೇಬೇಕು. ಈಗಿನ ಮಕ್ಕಳಿಗೆ ಗೊತ್ತೇ ಇಲ್ಲ. ಮ್ಯೂಸಿಯಂನಲ್ಲಿ ಸಿಗ್ನಲ್ಲು, ದೀಪ ಎಲ್ಲ ಇಟ್ಟಿದ್ದಾರೆ. ಕೈಮರದ ತೋಳು ಅಡ್ಡಕ್ಕೆ ಇದ್ದರೆ ನಿಲ್ಲು, ಕೆಳಗೆ ಬಾಗಿದ್ದರೆ ಹೋಗು. ಇದಷ್ಟೇ ಸಾಲದು. ಒಂಟಿ ಲೈನಿನಲ್ಲಿ ಎರಡೂ ಕಡೆಯಿಂದ ಗಾಡಿ ಬಿಟ್ಟರೆ ಗತಿ ಏನು? ಅದಕ್ಕೆ ಟೋಕನ್ ಇತ್ತು. ಎರಡು ಸ್ಟೇಷನ್ನಿನ ಮಾಸ್ಟರುಗಳ ಹತ್ತಿರ ಒಂದೊಂದು ಪೆಟ್ಟಿಗೆ. ಎರಡಕ್ಕೂ ತಂತಿ ಸಂಪರ್ಕ. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಒಂದು ಕಬ್ಬಿಣದ ಗುಂಡು ಹೊರಗೆ ಬೀಳುತ್ತದೆ. ಅದು ಒಳಗೆ ವಾಪಸ್ ಹೋಗುವವರೆಗೆ ಇನ್ನೊಂದು ಗುಂಡು ಯಾವ ಕಡೆಯಿಂದಲೂ ಬರುವುದಿಲ್ಲ. ಆ ಗುಂಡು ಕೈಗೆ ಬರದೆ ಡ್ರೈವರ್ ಒಂದು ಅಡಿ ಮುಂದೆ ಹೋಗುವುದಿಲ್ಲ.

ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿರುತ್ತಾರೆ. ನಿಲ್ಲದ ಗಾಡಿಯಾದರೆ ಪಾಯಿಂಟ್ಸ್‌ಮನ್ ಬಳೆಯನ್ನು ಎತ್ತಿ ಹಿಡಿದು ನಿಲ್ಲುತ್ತಾನೆ. ಇಂಜಿನ್ನಿನಲ್ಲಿರುವವನು ಓಡುವ ಗಾಡಿಯಿಂದಲೇ ತೋಳು ಚಾಚಿ ಬಳೆಗೆ ಕೈ ಹಾಕಬೇಕು. ಸರಿಯಾಗಿ ಸಿಕ್ಕಿದರೆ ಬಳೆ ಭುಜದವರೆಗೆ ಜಾರಿ ಬರುತ್ತದೆ. ಸಿಗದಿದ್ದರೆ ಗಾಡಿ ನಿಲ್ಲಿಸಿ ಕತ್ತಲಲ್ಲಿ ದೀಪ ಹಿಡಿದು ಚೀಲ ಹುಡುಕಬೇಕು. ಮಳೆಗಾಲದಲ್ಲಿ ಅರಸೀಕೆರೆ ಕಡೆ ಎಲ್ಲರೂ ಇಳಿದು ಹುಲ್ಲಿನಲ್ಲಿ ಹುಡುಕಿದ್ದುಂಟು. ಪ್ಯಾಸೆಂಜರುಗಳು ಕಿಟಕಿಯಿಂದ ತಲೆ ಹಾಕಿ ಏನು ಕಳೆದುಹೋಯಿತು ಅಂತ ಕೇಳುತ್ತಿದ್ದರು.

ಬೋಗಿಗಳ ನಡುವೆ ಜೋತಾಡುವ ಪೈಪು ಕೂಡ ನೋಡಿ. ಆಗ ನಮ್ಮದು ವ್ಯಾಕ್ಯೂಮ್ ಬ್ರೇಕು. ಪೈಪಿನೊಳಗಿನ ಗಾಳಿ ತೆಗೆದಿದ್ದರೆ ಬ್ರೇಕು ಬಿಟ್ಟಿರುತ್ತದೆ. ಗಾಳಿ ಒಳಗೆ ನುಗ್ಗಿದರೆ ಬ್ರೇಕು ಹಿಡಿಯುತ್ತದೆ. ಯಾರಾದರೂ ಚೈನ್ ಎಳೆದರೆ ಆಗುವುದು ಅಷ್ಟೇ, ಗಾಳಿಗೆ ಬಾಗಿಲು ತೆಗೆದ ಹಾಗೆ. ಪೈಪು ಕಿತ್ತು ಬೋಗಿ ಬೇರೆಯಾದರೂ ತಾನಾಗಿಯೇ ನಿಲ್ಲುತ್ತದೆ. ಕೆಟ್ಟರೆ ನಿಲ್ಲಬೇಕು, ಓಡಬಾರದು. ಹಾಗೆ ಯೋಚಿಸಿ ಮಾಡಿದ್ದು.

ಇತಿಹಾಸದ ಹುಚ್ಚ:
ಸರ್, ನೀವು ಬರೆಯುತ್ತಾ ಹೋಗಿ, ನಾವು ಓದುತ್ತೇವೆ. ಇದು ಯಾವ ಫಲಕದಲ್ಲೂ ಸಿಗುವುದಿಲ್ಲ.

ಹುಬ್ಬಳ್ಳಿಯಾಕೆ:
ಎಲ್ಲರೂ ಮೈಸೂರು ಮೈಸೂರು ಅಂತೀರಲ್ಲ, ನಮ್ಮ ಹುಬ್ಬಳ್ಳಿ ಯಾರಿಗೂ ನೆನಪಿಲ್ಲೇನ್ರೀ? 2020ರಲ್ಲಿ ನಮ್ಮಲ್ಲೂ ರೈಲು ಮ್ಯೂಸಿಯಂ ಆಗಿದೆ, ಸ್ಟೇಷನ್ ಹತ್ತಿರ ಗದಗ ರಸ್ತೆ ಕಡೆಗೆ. ಹಳೇ ಕಾಲದ ಎರಡು ಮನೆಗಳನ್ನು ಚೆನ್ನಾಗಿ ಮಾಡಿ ಮಲಪ್ರಭಾ, ಘಟಪ್ರಭಾ ಅಂತ ಹೆಸರಿಟ್ಟು ಒಳಗೆ ಸಾಮಾನು ಇಟ್ಟಿದ್ದಾರೆ. ಹುಬ್ಬಳ್ಳಿ ಅಂದರೆ ರೈಲ್ವೆ ಊರು. ವರ್ಕ್‌ಶಾಪಿನ ಸೈರನ್ ಕೇಳಿ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಮನೆಗಳು ನಮ್ಮವು. ಮ್ಯೂಸಿಯಂ ಮುಗಿಸಿ ನಮ್ಮ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದು ನೋಡ್ರಿ. 1507 ಮೀಟರ್! ಪ್ರಪಂಚದಲ್ಲೇ ಉದ್ದದ್ದು. ಬಿಂದು ಅವರ ಮಾವನವರಿಗೆ ಮಾತ್ರ ಬೇಡ.

ಶಿವಮೊಗ್ಗ ಕಡೆ ಹೋಗುವವರು ಅರಸಾಳು ಸ್ಟೇಷನ್ನಿನಲ್ಲೂ ಇಳೀರಿ. ಮಾಲ್ಗುಡಿ ಧಾರಾವಾಹಿ ತೆಗೆದ ಹಳೇ ಸ್ಟೇಷನ್ ಕಟ್ಟಡವನ್ನೇ ಮ್ಯೂಸಿಯಂ ಮಾಡಿದ್ದಾರೆ. ಚಿಕ್ಕದು, ಆದರೆ ಮಲೆನಾಡಿನ ಮಳೆಯಲ್ಲಿ ಅಲ್ಲಿ ಕೂತು ಚಹಾ ಕುಡಿಯಬೇಕು.

ಬಸವನಗುಡಿ ಬಿಂದು:
ಎಲ್ಲರಿಗೂ ಥ್ಯಾಂಕ್ಸ್. ರೈಲೇ ಅಂತ ತೀರ್ಮಾನ ಆಯಿತು. ಮಾವನವರಿಗೆ ಈ ಚರ್ಚೆ ಓದಿ ಹೇಳಿದೆ. ಟೋಕನ್ ಬಳೆ ಕಥೆ ಕೇಳಿ ಅವರಿಗೂ ಹುಮ್ಮಸ್ಸು ಬಂದಿದೆ, ಮಂಡಿ ಪಟ್ಟಿ ಹುಡುಕುತ್ತಿದ್ದಾರೆ. ಮಗಳು ವಾಣಿವಿಲಾಸ ಸನ್ನಿಧಾನದ ಬಗ್ಗೆ ಹುಡುಕಿ, ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಇವರದ್ದೇ ಹೆಸರಾ ಅಂತ ಕೇಳಿದಳು. ನಾವು ದಿನಾ ಅದರ ಮುಂದೆಯೇ ಓಡಾಡುತ್ತೇವೆ, ನನಗೇ ಹೊಳೆದಿರಲಿಲ್ಲ.

ಈಗ ಒಂದೇ ಪ್ರಶ್ನೆ. ಮ್ಯೂಸಿಯಂ ಹನ್ನೆರಡು, ಒಂದು ಗಂಟೆಗೆ ಮುಗಿದರೆ ಸಂಜೆಯ ಗಾಡಿವರೆಗೆ ಏನು ಮಾಡುವುದು? ಕೆಆರ್‌ಎಸ್ ಬೇಡ, ಅಲ್ಲಿ ತುಂಬಾ ನಡೆಯಬೇಕು.

ಒಂಟಿಕೊಪ್ಪಲ್ ಹುಡುಗಿ:
ಊಟ ಮಾಡಿಕೊಂಡು ಮಧ್ಯಾಹ್ನ ನಂಜನಗೂಡಿಗೆ ಹೋಗಿಬನ್ನಿ ಅಕ್ಕ. ಚಾಮರಾಜನಗರದ ಗಾಡಿ ಹತ್ತಿದರೆ ಆಯಿತು, ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ರೈಲು ದಿನ ಅಂದ ಮೇಲೆ ಅದೂ ರೈಲಿನ ವಿಷಯವೇ. ಕಪಿಲಾ ನದಿಗೆ ಅಡ್ಡಲಾಗಿ ಅಲ್ಲೊಂದು ಹಳೇ ಕಲ್ಲಿನ ಸೇತುವೆ ಇದೆ. ದಳವಾಯಿ ದೇವರಾಜ 1735ರ ಸುಮಾರಿಗೆ ಕಟ್ಟಿಸಿದ್ದು. ರೈಲು ಅನ್ನುವ ವಸ್ತುವೇ ಇಲ್ಲದ ಕಾಲ. ಆಮೇಲೆ ಅದೇ ಸೇತುವೆಯ ಮೇಲೆ ಕಂಬಿ ಹಾಕಿದರು. ಎತ್ತಿನ ಗಾಡಿ, ಬಸ್ಸು, ಮೀಟರ್ ಗೇಜ್ ರೈಲು ಎಲ್ಲ ಅದರ ಮೇಲೇ. ಬ್ರಾಡ್ ಗೇಜ್ ಬಂದ ಮೇಲೆ ರೈಲಿಗೆ ಬೇರೆ ಸೇತುವೆ ಆಯಿತು.

ಹಳೇ ಗಾರ್ಡ್:
ಒಳ್ಳೆಯ ಮಾತು ಹೇಳಿದೆಯಮ್ಮ. ಆ ಸೇತುವೆ ಮೇಲೆ ಗಾಡಿ ನಿಧಾನಕ್ಕೆ ಹೋಗುತ್ತಿತ್ತು. ಪಕ್ಕದಲ್ಲಿ ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ನಂಜುಂಡೇಶ್ವರನ ದರ್ಶನ ಮಾಡಿಸಿ, ದೇವಸ್ಥಾನದವರೆಗೆ ಆಟೋ ಸಿಗುತ್ತದೆ. ವಾಪಸ್ ಗಾಡಿಯ ಟೈಮು ಹೋಗುವಾಗಲೇ ಸ್ಟೇಷನ್ನಿನಲ್ಲಿ ಕೇಳಿಕೊಳ್ಳಿ. ಆ ಲೈನಿನಲ್ಲಿ ಗಾಡಿ ಕಮ್ಮಿ. ಒಂದು ತಪ್ಪಿದರೆ ಬಸ್ಸೇ ಹಿಡಿಯಬೇಕು, ಬೆಂಗಳೂರಿನ ಗಾಡಿಯೂ ಕೈತಪ್ಪಬಹುದು.

ಎರಡು ಪುಂಡರ ಅಮ್ಮ:
ಮಧ್ಯಾಹ್ನದ ಗಾಡಿಯಲ್ಲಿ ಮಗ ಮಲಗಿಬಿಡುತ್ತಾನೆ, ನೋಡುತ್ತಿರಿ. ಮಲಗಲಿ ಬಿಡಿ. ಸೇತುವೆ ಬಂದಾಗ ಮಾತ್ರ ಎಬ್ಬಿಸಿ.

ಟ್ರಾಫಿಕ್ ಜಾಮು:
ಇಷ್ಟೆಲ್ಲ ಓದಿದ ಮೇಲೆ ನಾನೂ ಇನ್ನೊಂದು ಸಲ ಹೋಗಿ ಆ ಬಿರಡೆ, ಪೈಪು ಎಲ್ಲ ನೋಡಬೇಕು ಅನ್ನಿಸುತ್ತಿದೆ. ಆದರೆ ಕಾರಲ್ಲೇ ಹೋಗುತ್ತೇನೆ, ಅದರಲ್ಲಿ ಮಾತಿಲ್ಲ. ಪಾರ್ಕಿಂಗ್ ಎಲ್ಲಿ ಹೇಳಿ.

ಮಂಡ್ಯ ಪಾಸ್:
ಕೆಂಗೇರಿ ಸ್ಟೇಷನ್ನಿನಲ್ಲಿ.